ಮಾಸ್ತರಿಲ್ಲದ ನಿಲ್ದಾಣ

ವಳಕಮದಿನ್ನಿ, ಮಸ್ಕಿ, ಸಿಂಧನೂರು ಕಡೆಯವರು ರೈಲು ಹತ್ತಬೇಕೆಂದರೆ ಮೊದಲು ಬಸ್ಸು ಹತ್ತಿ ರಾಯಚೂರಿಗೋ ಹೊಸಪೇಟೆಗೋ ಹೋಗಬೇಕಿದ್ದ ಕಾಲ ಬಹಳ ದೀರ್ಘವಾಗಿತ್ತು. ಸಿಂಧನೂರಿಗೆ ರೈಲು ಬಂದದ್ದು 2024ರ ಮಾರ್ಚ್‌ನಲ್ಲಿ. ಗದಗ–ವಾಡಿ ಮಾರ್ಗದಲ್ಲಿ 2025ರ ಮೇ ತಿಂಗಳಲ್ಲಿ ಕುಷ್ಟಗಿಯವರೆಗೆ ಬಂಡಿ ಓಡಿತು. ಅದೇ ಮಾರ್ಗದ ನಕ್ಷೆಯಲ್ಲಿ ಲಿಂಗಸುಗೂರೂ ಇದೆ. ಹಳಿ ಕಂಡ ಹಳ್ಳಿಯವರಿಗೆ ‘ನಮ್ಮೂರಲ್ಲೂ ಒಂದು ನಿಮಿಷ ನಿಲ್ಲಲಿ’ ಎನ್ನಿಸುವುದು ಸಹಜವೇ.

ಊರಿಗೊಬ್ಬ ಸ್ಟೇಷನ್ ಮಾಸ್ತರನ್ನು ಕೊಡಲು ರೈಲ್ವೆಗೆ ಸಾಧ್ಯವಿಲ್ಲ. ಅದಕ್ಕಾಗಿಯೇ ಇರುವುದು ‘ಹಾಲ್ಟ್’. ಒಂದು ಪ್ಲಾಟ್‌ಫಾರಂ, ಹೆಸರಿನ ಫಲಕ, ನೆರಳಿಗೊಂದು ಸೂರು, ಅಷ್ಟೇ. ಅನೇಕ ಕಡೆ ರೈಲ್ವೆ ನೌಕರರೇ ಇರುವುದಿಲ್ಲ; ಸ್ಥಳೀಯರೊಬ್ಬರು ಕಮಿಷನ್ ಮೇಲೆ ಟಿಕೆಟ್ ಮಾರುತ್ತಾರೆ.

ಜಪಾನಿನಲ್ಲಿ ಇಂಥ ನಿಲ್ದಾಣಗಳು ಬಹಳ. ಅಲ್ಲಿ ಇವುಗಳ ಹೆಸರು ‘ಮುಜಿನ್-ಎಕಿ’, ಅಂದರೆ ಸಿಬ್ಬಂದಿಯಿಲ್ಲದ ನಿಲ್ದಾಣ. ಬಂಡಿ ಹತ್ತುವಾಗ ಬಾಗಿಲ ಬಳಿಯ ಯಂತ್ರದಿಂದ ಸಂಖ್ಯೆಯಿರುವ ಚೀಟಿ ತೆಗೆದುಕೊಳ್ಳಬೇಕು. ಇಳಿಯುವಾಗ ಚಾಲಕನ ಪಕ್ಕದ ಪೆಟ್ಟಿಗೆಗೆ ಚೀಟಿಯನ್ನೂ ಹಣವನ್ನೂ ಹಾಕಬೇಕು.

ಉತ್ತರದ ಹೊಕ್ಕೈಡೊ ದ್ವೀಪದಲ್ಲಿ, 1947ರಲ್ಲಿ ತೆರೆದ ಕ್ಯೂ-ಶಿರಟಾಕಿ ಎಂಬ ನಿಲ್ದಾಣವಿತ್ತು. ಮರದ ಪುಟ್ಟ ಕಟ್ಟಡ, ಚಳಿಗಾಲವಿಡೀ ಸುತ್ತ ಹಿಮ. ಎಂಗರು ಪಟ್ಟಣದ ಹೈಸ್ಕೂಲಿಗೆ ಹೋಗುವ ಹುಡುಗಿಯೊಬ್ಬಳು ಅಲ್ಲಿ ಬೆಳಿಗ್ಗೆ ಏಳೂಕಾಲರ ಸುಮಾರಿಗೆ ಬಂಡಿ ಹತ್ತುತ್ತಿದ್ದಳು. ಪಟ್ಟಣದ ಕಡೆಗೆ ಹೋಗಲು ಅಲ್ಲಿ ನಿಲ್ಲುತ್ತಿದ್ದುದು ದಿನಕ್ಕೆ ಅದೊಂದೇ. ‘ಒಬ್ಬಳೇ ವಿದ್ಯಾರ್ಥಿನಿಗಾಗಿ ರೈಲು ಓಡುತ್ತಿದೆ’ ಎಂಬ ಸುದ್ದಿ 2016ರ ಜನವರಿಯಲ್ಲಿ ಜಗತ್ತನ್ನೇ ಸುತ್ತಿತು. ಅದು ಪೂರ್ತಿ ನಿಜವಲ್ಲ. ಆ ಬಂಡಿಯಲ್ಲಿ ಬೇರೆ ವಿದ್ಯಾರ್ಥಿಗಳೂ ಇದ್ದರು. ಆಕೆಯ ಓದು ಮುಗಿದ ಮಾರ್ಚ್‌ನಲ್ಲೇ ನಿಲ್ದಾಣ ಮುಚ್ಚಿದ್ದು ಮಾತ್ರ ನಿಜ. ಜಪಾನಿನಲ್ಲಿ ಶಾಲಾ ವರ್ಷ ಮುಗಿಯುವುದೂ ರೈಲಿನ ವೇಳಾಪಟ್ಟಿ ಬದಲಾಗುವುದೂ ಮಾರ್ಚ್‌ನಲ್ಲೇ. ಮುಚ್ಚಲು ಕಾರಣ ಪ್ರಯಾಣಿಕರ ಕೊರತೆ. ಆ ಭಾಗದ ಇನ್ನೂ ಕೆಲವು ನಿಲ್ದಾಣಗಳು ಅಂದೇ ಮುಚ್ಚಿದವು.

ನಮ್ಮ ಮಕ್ಕಳು ತಿಳಿಯಬೇಕಾದ ಮಾತು ಇಲ್ಲಿದೆ. ಮಾಸ್ತರಿಲ್ಲದ ನಿಲ್ದಾಣವನ್ನು ಕಾಯುವವರು ಪ್ರಯಾಣಿಕರೇ. ಕೇಳುವವರಿಲ್ಲವೆಂದು ಟಿಕೆಟ್ ಇಲ್ಲದೆ ಹತ್ತಿದವನು, ರೈಲ್ವೆಯ ಲೆಕ್ಕದಲ್ಲಿ ಹತ್ತಿಯೇ ಇರುವುದಿಲ್ಲ. ಇಂಥ ಹತ್ತು ಮಂದಿ ಸೇರಿದರೆ ಆ ಊರಿನಲ್ಲಿ ಬಂಡಿ ಏಕೆ ನಿಲ್ಲಬೇಕೆಂಬ ಪ್ರಶ್ನೆಗೆ ಉತ್ತರವೇ ಉಳಿಯದು. ಶಾಲೆ–ಕಾಲೇಜಿಗೆ ಹೋಗಿ ಬರುವ ಹುಡುಗಿಯರಿಗೆ ಪದವಿಯವರೆಗೆ, ಹುಡುಗರಿಗೆ ಹನ್ನೆರಡನೆಯ ತರಗತಿಯವರೆಗೆ ಎರಡನೇ ದರ್ಜೆಯ ಮಾಸಿಕ ಪಾಸನ್ನು ರೈಲ್ವೆ ಉಚಿತವಾಗಿಯೇ ಕೊಡುತ್ತದೆ. ತಂದೆ–ತಾಯಂದಿರು ಅದನ್ನು ಕೇಳಿ ಪಡೆಯಬೇಕು. ಹಳಿ ಹಾಕುವುದು ಸರಕಾರದ ಕೆಲಸ. ನಿಲ್ದಾಣವನ್ನು ಉಳಿಸಿಕೊಳ್ಳುವುದು ಊರಿನ ಕೆಲಸ.