ಹನ್ನೊಂದು ವರ್ಷಕ್ಕೊಂದು ಪ್ರೊಸೆಸರು

ಮುಂಬಯಿಯಲ್ಲಿ ಏನು ಬೇಕಾದರೂ ಸಿಗುತ್ತದೆ ಎಂದು ಊರ ಕಡೆಯವರು ಹೇಳುತ್ತಾರೆ. ಅದು ನಿಜವೇ. ಆದರೆ ನಮಗೇನು ಬೇಕೆಂಬುದನ್ನು ಮನೆಯಲ್ಲೇ ಗಟ್ಟಿಮಾಡಿಕೊಂಡು ಹೊರಡದಿದ್ದರೆ, ಅಂಗಡಿಯವನಿಗೆ ಏನು ಮಾರಬೇಕಾಗಿದೆಯೋ ಅದನ್ನು ಹೊತ್ತುಕೊಂಡು ಲೋಕಲ್ ಗಾಡಿ ಹತ್ತಬೇಕಾಗುತ್ತದೆ. 1996ರಲ್ಲಿ ಬ್ಯಾಂಕಿನ ವರ್ಗಾವಣೆಯ ಮೇಲೆ ಈ ಊರಿಗೆ ಬಂದವನು ನಾನು. ಕೊಡೆಯಿಂದ ಹಿಡಿದು ಮನೆಯವರೆಗೆ ಇಲ್ಲಿ ಏನೇ ಕೊಂಡರೂ ಈ ಮಾತು ಸುಳ್ಳಾಗಲಿಲ್ಲ. 2025ರ ಆಗಸ್ಟಿನಲ್ಲಿ ನಮ್ಮ ಮನೆಯ ಡೆಸ್ಕ್‌ಟಾಪಿಗೆ ಹೊಸ ಪ್ರೊಸೆಸರು ಕೊಳ್ಳುವಾಗಲಂತೂ ಇದು ಹೆಜ್ಜೆಹೆಜ್ಜೆಗೂ ನೆನಪಾಯಿತು.

ನಮ್ಮ ಕಂಪ್ಯೂಟರನ್ನು ನಾನು ಡೊಂಬಿವಲಿಯ ಕಿರುಶಾಖೆ ಎಂದೇ ಕರೆಯುವುದು. ನನ್ನ ಪೆನ್ಶನ್ ಖಾತೆ, ಸೊಸೈಟಿಯ ಲೆಕ್ಕಪತ್ರ, ಕನ್ನಡ ಸಂಘದ ಜಮಾ-ಖರ್ಚು ಎಲ್ಲವೂ ಅದರಲ್ಲಿಯೇ. ಭಾನುವಾರ ಬೆಳಿಗ್ಗೆ ಗದಗಿನಲ್ಲಿರುವ ನನ್ನ ಎಂಬತ್ತೇಳು ವರ್ಷದ ತಾಯಿ ದೊಡ್ಡ ಪರದೆಯ ಮೇಲೆ ನಮ್ಮೊಡನೆ ಮಾತಾಡುತ್ತಾಳೆ. ಆಕೆಗೆ ಕಿವಿ ಮಂದ. ತುಟಿಯ ಚಲನೆ ನೋಡಿಯೇ ಅರ್ಧ ಮಾತು ತಿಳಿದುಕೊಳ್ಳಬೇಕು. ಇನ್ನು ನವೆಂಬರ್ ಬಂತೆಂದರೆ ಆಸುಪಾಸಿನ ನಮ್ಮವರು ಪಾಸ್‌ಬುಕ್ಕು, ಆಧಾರ್ ಕಾರ್ಡು ಹಿಡಿದು ಬರುತ್ತಾರೆ. ಪೆನ್ಶನ್‌ದಾರರು ತಾವಿನ್ನೂ ಬದುಕಿದ್ದೇವೆಂದು ವರ್ಷಕ್ಕೊಮ್ಮೆ ತಿಳಿಸಬೇಕಲ್ಲ, ಆ ‘ಜೀವನ ಪ್ರಮಾಣ’ವನ್ನು 2014ರಿಂದ ಕಂಪ್ಯೂಟರಿನಲ್ಲೇ ಕೊಡಬಹುದು. ಗಂಡನ ಪೆನ್ಶನ್ನಿನ ಮೇಲೆಯೇ ದಿನ ದೂಡುವ ಇಬ್ಬರು ಮೂವರು ಅಜ್ಜಿಯರಿಗೆ ಕನ್ನಡ ಬಿಟ್ಟರೆ ಬೇರೆ ಓದಲು ಬಾರದು. ಪಾತ್ರೆ ತಿಕ್ಕಿ ತಿಕ್ಕಿ ಸವೆದ ಬೆರಳನ್ನು ಯಂತ್ರ ಒಂದೇ ಸಲಕ್ಕೆ ಗುರುತಿಸುವುದೂ ಇಲ್ಲ.

ಈ ಶಾಖೆಯ ಯಂತ್ರ 2014ರದ್ದು. ಅದರಲ್ಲಿದ್ದುದು ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ3-4130, ಎರಡು ಕೋರಿನದು. 2019ರಲ್ಲಿ ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ, ಮೆಮರಿಯನ್ನು 8 ಜಿಬಿಗೆ ಏರಿಸಿದ್ದೆ. ಆ ಖರ್ಚಿಗೆ ಇನ್ನಷ್ಟು ವರ್ಷ ಓಡಿತು. ಆದರೆ ಈಚೆಗೆ ವಿಡಿಯೊ ಕರೆ ಹಚ್ಚಿದರೆ ಅವ್ವನ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಮೆಮರಿ ಅರ್ಧ ಖಾಲಿ, ಡಿಸ್ಕು ಸುಮ್ಮನೆ ಕೂತಿದೆ, ಪ್ರೊಸೆಸರ್ ಮಾತ್ರ ನೂರಕ್ಕೆ ನೂರು. ಹೊಸದು ಕೊಳ್ಳಬೇಕೆನ್ನುವವರು ಮೊದಲು ಮಾಡಬೇಕಾದ ಕೆಲಸ ಇದೇ. ರೋಗ ಡಿಸ್ಕಿನಲ್ಲೋ ಮೆಮರಿಯಲ್ಲೋ ಇದ್ದರೆ ಪ್ರೊಸೆಸರ್ ಬದಲಿಸಿ ಉಪಯೋಗವಿಲ್ಲ.

ಇದರ ಮೇಲೆ ಇನ್ನೊಂದು ಸಂಗತಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುವುದಿತ್ತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದರ ಮೇಲಿನದೇ ಬೇಕೆಂಬುದು ಮೈಕ್ರೋಸಾಫ್ಟಿನ ನಿಯಮ. ಮನೆಬಳಕೆಯವರಿಗೆ ಭದ್ರತೆಯ ಅಪ್‌ಡೇಟುಗಳನ್ನು ಇನ್ನೊಂದು ವರ್ಷ ಮುಂದುವರಿಸುವ ಏರ್ಪಾಟನ್ನೇನೋ ಕಂಪನಿ ಮಾಡಿತು. ಬ್ಯಾಂಕಿನ ಭಾಷೆಯಲ್ಲಿ ಅದು ಸಾಲದ ಕಂತು ಮುಂದೂಡಿದ ಹಾಗೆ, ಸಾಲವೇನೂ ತೀರುವುದಿಲ್ಲ. ನನ್ನೊಬ್ಬನ ಯಂತ್ರವಾಗಿದ್ದರೆ ನಡೆಯಲಿ ಎನ್ನುತ್ತಿದ್ದೆನೋ ಏನೋ. ಪರರ ಖಾತೆಯ ವಿವರಗಳನ್ನು ಕೀಲಿಯಿಲ್ಲದ ಪೆಟ್ಟಿಗೆಯಲ್ಲಿ ಇಡಲು ಮೂವತ್ತಾರು ವರ್ಷ ಬ್ಯಾಂಕಿನಲ್ಲಿದ್ದವನಿಗೆ ಮನಸ್ಸು ಬರಲಿಲ್ಲ.

ಹೈದರಾಬಾದಿನಲ್ಲಿರುವ ಮಗ ಫೋನಿನಲ್ಲಿ ಒಂದೇ ಮಾತಿನಲ್ಲಿ ಮುಗಿಸಿದ: “ಅಪ್ಪಾ, ಅದನ್ನ ಒಗೀರಿ. ಛಲೋ ಲ್ಯಾಪ್‌ಟಾಪ್ ಕಳಿಸ್ತೀನಿ.” ಪ್ರೀತಿಯ ಮಾತು. ಆದರೆ ಮಗನ ದುಡ್ಡಿನಲ್ಲಿ ಬಂದ ವಸ್ತು ಮಗನ ಅಳತೆಗಿರುತ್ತದೆ. ನನಗೆ ಬೇಕಿದ್ದುದು ನನ್ನ ಪೆನ್ಶನ್ನಿನ ಅಳತೆಯದು. ಬ್ಯಾಂಕಿನವರ ಮೂಲ ಪೆನ್ಶನ್ ನಿವೃತ್ತಿಯ ದಿನ ಎಲ್ಲಿ ನಿಂತಿತೋ ಅಲ್ಲಿಯೇ ನಿಂತಿರುತ್ತದೆ, ತುಟ್ಟಿಭತ್ಯೆಯಷ್ಟೇ ಏರುತ್ತದೆ. ಇಪ್ಪತ್ತೈದು ಸಾವಿರದ ಮೇಲೆ ಒಂದು ರೂಪಾಯಿ ಇಲ್ಲವೆಂದು ಮಂಜೂರಾತಿ ಮಿತಿ ಹಾಕಿಕೊಂಡು, ನನ್ನ ಅರ್ಜಿಯನ್ನು ನಾನೇ ಪರಿಶೀಲಿಸಲು ಕೂತೆ.

ಸಾಲದ ಅರ್ಜಿ ಬಂದಾಗ ನಾವು ಕೇಳುತ್ತಿದ್ದ ಮೊದಲ ಪ್ರಶ್ನೆ: ಉದ್ದೇಶವೇನು? ನನ್ನದು ವಿಡಿಯೊ ಕರೆ, ಲೆಕ್ಕಪತ್ರ, ಕನ್ನಡ ಟೈಪಿಂಗು, ಬ್ರೌಸರಿನಲ್ಲಿ ಹತ್ತಾರು ಪುಟ. ಆಟವಿಲ್ಲ, ಸಿನಿಮಾ ಸಂಕಲನವಿಲ್ಲ. ಇಂಥ ಕೆಲಸಕ್ಕೆ ಹೆಚ್ಚು ಕೋರುಗಳಿಗಿಂತ ಒಂದೊಂದು ಕೋರೂ ಚುರುಕಾಗಿರುವುದು ಮುಖ್ಯ. ಹತ್ತು ಗುಮಾಸ್ತರಿದ್ದರೂ ಕೌಂಟರಿನಲ್ಲಿ ಕೂತವನು ನಿಧಾನಿಯಾದರೆ ಸರತಿ ಸಾಲು ಕರಗುವುದಿಲ್ಲ.

ಎರಡನೆಯದು: ಯೋಜನೆಯ ಒಟ್ಟು ವೆಚ್ಚವೆಷ್ಟು? ಬರೀ ಪ್ರೊಸೆಸರಿನ ಬೆಲೆ ನೋಡುವುದು ಬಾವಿ ತೋಡಿಸುವವನು ಪಂಪ್‌ಸೆಟ್ಟನ್ನು ಲೆಕ್ಕಕ್ಕೆ ಹಿಡಿಯದ ಹಾಗೆ. ಪ್ರೊಸೆಸರಿಗೆ ತಕ್ಕ ಸಾಕೆಟ್ಟಿನ ಮದರ್‌ಬೋರ್ಡು ಬೇಕು, ಬೋರ್ಡಿಗೆ ತಕ್ಕ ಮೆಮರಿ ಬೇಕು. ನನ್ನ ಹಳೆಯ ಮೆಮರಿ ಡಿಡಿಆರ್3, ಹೊಸ ಬೋರ್ಡಿನ ಯಾವ ಸೀಳಿನಲ್ಲೂ ಅದು ಕೂಡುವುದಿಲ್ಲ. ಹನ್ನೊಂದು ವರ್ಷ ಸವೆದ ಎಸ್‌ಎಂಪಿಎಸ್ ಹೋಗುವಾಗ ಅಕ್ಕಪಕ್ಕದ್ದನ್ನೂ ಕರೆದುಕೊಂಡು ಹೋಗಬಹುದು, ಹಾಗಾಗಿ ಅದೂ ಪಟ್ಟಿಗೆ ಸೇರಿತು. ಕ್ಯಾಬಿನೆಟ್, ಎಸ್‌ಎಸ್‌ಡಿ, ಮಾನಿಟರು, ಕೀಬೋರ್ಡು ಹಳೆಯವೇ ಸಾಕು. ವಿಂಡೋಸನ್ನು ನಾನು 2014ರಲ್ಲಿ ಬಿಡಿಯಾಗಿ ಕೊಂಡಿದ್ದರಿಂದ ಆ ಪರವಾನಗಿ ಹೊಸ ಬೋರ್ಡಿಗೆ ವರ್ಗವಾಗುತ್ತದೆ. ಯಂತ್ರದ ಜೊತೆಗೇ ಬಂದ ಪರವಾನಗಿಯಾಗಿದ್ದರೆ ಆ ಖರ್ಚನ್ನೂ ಹಿಡಿಯಬೇಕು.

ಮೂರನೆಯದು: ಆಸ್ತಿಯ ಆಯುಷ್ಯವೆಷ್ಟು? ಹಿಂದಿನದು ಹನ್ನೊಂದು ವರ್ಷ ಬಾಳಿದೆ. ಹೊಸದು ಹತ್ತು ವರ್ಷ ಬಾಳಿದರೂ ಇಪ್ಪತ್ತೈದು ಸಾವಿರಕ್ಕೆ ತಿಂಗಳಿಗೆ ಸುಮಾರು ಇನ್ನೂರ ಎಂಟು ರೂಪಾಯಿ ಬೀಳುತ್ತದೆ.

ಈ ಮೂರು ಪ್ರಶ್ನೆ ಹಿಡಿದು ಒಂದೊಂದೇ ದಾರಿ ನೋಡಿದೆ. ಸೆಕೆಂಡ್‌ಹ್ಯಾಂಡ್ ಐ7-4770 ತಂದರೆ ನಮ್ಮ ಹಳೆಯ ಬೋರ್ಡಿನಲ್ಲೇ ಕೂಡುತ್ತದೆ. ನಾಲ್ಕು ಕೋರು, ಖರ್ಚೂ ಅತಿ ಕಡಿಮೆ. ಆದರೆ ಅದೂ ನಾಲ್ಕನೇ ತಲೆಮಾರಿನದೇ, ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಅವ್ವನ ತುಟಿ-ಮಾತು ಕೂಡಬಹುದು, ಅಜ್ಜಿಯರ ಖಾತೆಯ ಚಿಂತೆ ಹಾಗೆಯೇ ಉಳಿಯುತ್ತದೆ. ಬಿಟ್ಟೆ.

ಬೆಂಗಳೂರಿನಲ್ಲಿರುವ ಅಕ್ಕನ ಮಗ ಎಸ್.ಪಿ. ರೋಡಿನ ಹುಲಿ. “ಮಾಮಾ, ರೈಝೆನ್ ತಗೋರಿ, 5600ಜಿ. ಆರು ಕೋರ್ ಬರ್ತಾವು, ಗ್ರಾಫಿಕ್ಸೂ ಅದರಾಗ ಐತಿ” ಎಂದ. ಅವನ ಮಾತಿನಲ್ಲಿ ಹುಳುಕಿಲ್ಲ. ಎಎಂಡಿಯ ಹೊಸ ಎಎಂ5 ಸಾಕೆಟ್ಟಿನದನ್ನು ಕೊಂಡರೆ ಮುಂದೆ ಬೋರ್ಡು ಬದಲಿಸದೆ ಪ್ರೊಸೆಸರ್ ಮಾತ್ರ ಬದಲಿಸಬಹುದು ಎಂಬ ಇನ್ನೊಂದು ಆಸೆಯನ್ನೂ ಹಚ್ಚಿದ. ಅದಕ್ಕೆ ಡಿಡಿಆರ್5 ಮೆಮರಿಯೇ ಆಗಬೇಕು, ಬೋರ್ಡೂ ದುಬಾರಿ. ಎರಡು ಮೂರು ವರ್ಷಕ್ಕೊಮ್ಮೆ ಬದಲಿಸುವ ಹುಡುಗರಿಗೆ ಆ ಸೌಕರ್ಯ ಬೆಲೆಯುಳ್ಳದ್ದು. ಹನ್ನೊಂದು ವರ್ಷಕ್ಕೊಮ್ಮೆ ಬದಲಿಸುವ ನಾನು ಅದಕ್ಕೆ ದುಡ್ಡು ಕೊಟ್ಟರೆ, ಬಳಸದ ಸಾಲದ ಮಿತಿಗೆ ಕಮಿಟ್‌ಮೆಂಟ್ ಚಾರ್ಜು ಕಟ್ಟಿದ ಹಾಗಾಗುತ್ತದೆ.

ಕೊನೆಗೆ ಉಳಿದದ್ದು ಇಂಟೆಲ್ ಐ3-12100. 2022ರಲ್ಲಿ ಬಂದದ್ದು, ಎಂದರೆ ಕೊಳ್ಳುವ ಹೊತ್ತಿಗೇ ಮೂರು ವರ್ಷ ಹಳತು. ನಾಲ್ಕು ಕೋರು, ಎಂಟು ಥ್ರೆಡ್, ಗ್ರಾಫಿಕ್ಸ್ ಒಳಗೇ ಇದೆ, ಒಂದೊಂದು ಕೋರಿನ ಚುರುಕಿನಲ್ಲಿ 5600ಜಿಗಿಂತ ಒಂದು ಕೈ ಮೇಲೆ. ಹಳೆಯ ವಿಜಿಎ ಮಾನಿಟರಿಗೆ ತಂತಿ ಸಿಕ್ಕಿಸಲು ಜಾಗವಿರುವ ಎಚ್610 ಬೋರ್ಡು ಸಿಗುತ್ತದೆ, ಡಿಡಿಆರ್4 ಮೆಮರಿ ಸಾಕು. ಅಳಿಯನ ರೈಝೆನ್‌ಗೂ ಇದಕ್ಕೂ ಒಟ್ಟು ವೆಚ್ಚದಲ್ಲಿ ದೊಡ್ಡ ಅಂತರವಿರಲಿಲ್ಲ. ವಿಡಿಯೊ ಸಂಕಲನ ಮಾಡುವವರಾದರೆ ಅವನ ಮಾತನ್ನೇ ಕೇಳಬೇಕು. ಕಾಗದದ ಮೇಲೆ ಮೂರು ಕಾಲಮ್ ಹಾಕಿ ನಾನು ಕೂಡಿಸುತ್ತಿದ್ದುದನ್ನು ನೋಡಿ ನನ್ನಾಕೆ, “ಏನ್ರೀ, ಈ ಮನಿ ತಗೊಳ್ಳುವಾಗೂ ಇಷ್ಟು ವಿಚಾರ ಮಾಡಿದ್ದಿಲ್ಲಲ್ಲ ನೀವು” ಎಂದಳು.

ಒಂದು ಬುಧವಾರ ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿಳಿದೆ. ಲ್ಯಾಮಿಂಗ್ಟನ್ ರೋಡಿಗೆ ಡಾ. ದಾದಾಸಾಹೇಬ ಭಡಕಮಕರ ಮಾರ್ಗವೆಂದು ಹೆಸರು ಬದಲಾಗಿ ಎಷ್ಟೋ ಕಾಲವಾಯಿತು, ಹಾಗೆ ಕರೆಯುವವರನ್ನು ನಾನು ಕಂಡಿಲ್ಲ. ಮೊದಲ ಅಂಗಡಿಯಾತ ನನ್ನ ಚೀಟಿಯನ್ನು ಓದದೆಯೇ, “ಅಂಕಲ್, ಐ5 ಲೇ ಜಾಓ, 12400ಎಫ್, ಥೋಡಾ ಹೀ ಜ್ಯಾದಾ” ಎಂದ. ಆರು ಕೋರಿನ ಐ5 ಇಷ್ಟು ಅಗ್ಗಕ್ಕೆ ಏಕೆ ಬರುತ್ತದೆಂದರೆ ಕೊನೆಯ ಆ ಒಂದು ಅಕ್ಷರದಿಂದ. ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಪರದೆಯ ಮೇಲೆ ಚಿತ್ರ ಮೂಡಬೇಕಾದರೆ ಬೇರೆ ಕಾರ್ಡು ಕೊಳ್ಳಬೇಕು. ಕಾರ್ಡಿನ ಬೆಲೆ ಕೇಳಿದೆ. ಅವನು ನಕ್ಕ, ನಾನೂ ನಕ್ಕು ಮುಂದಿನ ಅಂಗಡಿಗೆ ಹೋದೆ.

ಅಲ್ಲಿ ಡಬ್ಬಿಯ ಮಾಲು, ಟ್ರೇ ಮಾಲು ಎಂಬ ಎರಡು ಬೆಲೆ. ಟ್ರೇಯದು ಬಿಡಿಯಾಗಿ ಬರುತ್ತದೆ, ಜೊತೆಗೆ ಫ್ಯಾನೂ ಇಲ್ಲ, ಇಂಟೆಲ್‌ನ ಮೂರು ವರ್ಷದ ವಾರಂಟಿಯೂ ಇಲ್ಲ. ಬಿಲ್ಲು ಬೇಡವೆಂದರೆ ಇನ್ನೂ ಇಳಿಸುವುದಾಗಿ ಹೇಳಿದರು. ಶೇಕಡಾ 18ರ ಜಿಎಸ್‌ಟಿ ಸಮೇತ ಪಕ್ಕಾ ಬಿಲ್ಲು ಕೇಳಿ, ಸೀಲು ಒಡೆಯದ ಡಬ್ಬಿ ಪಡೆದೆ. ಪ್ರೊಸೆಸರು ಸುಮಾರು ಹತ್ತು ಸಾವಿರ, ಬೋರ್ಡು ಆರು, 16 ಜಿಬಿ ಮೆಮರಿ ನಾಲ್ಕು, ಎಸ್‌ಎಂಪಿಎಸ್ ಎರಡೂವರೆ. ಒಟ್ಟು ಇಪ್ಪತ್ತೆರಡೂವರೆ ಸಾವಿರದೊಳಗೆ ಬಂತು.

ಕ್ಯಾಬಿನೆಟ್ಟನ್ನು ಚೀಲದಲ್ಲಿ ಹೊತ್ತೇ ಹೋಗಿದ್ದೆ. ಜೋಡಿಸಿದ ಹುಡುಗ ಸ್ಕ್ರೂ ಬಿಚ್ಚುತ್ತ ಬಾಯಲ್ಲೇ “ಒಂದು, ಎರಡು, ಮೂರು” ಎಂದು ಎಣಿಸುತ್ತಿದ್ದ. ಯಾವೂರೆಂದು ಕೇಳಿದೆ. ಇಂಡಿ ತಾಲೂಕಂತೆ. ಹುಟ್ಟಿದ್ದು ಬೆಳೆದದ್ದು ಇಲ್ಲೇ, ಶಾಲೆ ಹಿಂದಿಯದು. “ಮಾತಾಡಾಕ ಬರ್ತೈತ್ರಿ ಸರ, ಓದಾಕ ಬರಂಗಿಲ್ಲ. ಲೆಕ್ಕ ಮಾತ್ರ ನಮ್ಮವ್ವ ಕಲಿಸಿದ್ದು.” ಕನ್ನಡದಲ್ಲಿ ಎಣಿಸಿದ್ದಕ್ಕೋ ಏನೋ, ಒಂದು ಸ್ಕ್ರೂ ಹೆಚ್ಚಾಗಲಿಲ್ಲ, ಕಡಿಮೆಯಾಗಲಿಲ್ಲ.

ಮನೆಗೆ ಬಂದು ವಿಂಡೋಸ್ 11 ಹಾಕಿ ಮುಗಿಸುವ ಹೊತ್ತಿಗೆ ಶನಿವಾರವಾಯಿತು. ಭಾನುವಾರ ಅವ್ವ ಪರದೆಗೆ ಬಂದವಳೇ, “ಇವತ್ತ ನೀ ಏನಂತಿ ಎಲ್ಲಾ ತಿಳ್ಯಾಕತ್ತೈತಿ ನೋಡಪಾ” ಎಂದಳು. ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರಿನ ಗೆರೆ ಕೆಳಗೇ ಹರಿಯುತ್ತಿತ್ತು. ನವೆಂಬರಿನಲ್ಲಿ ಏಳು ಜನರ ಜೀವನ ಪ್ರಮಾಣ ಅದೇ ಯಂತ್ರದಿಂದ ಹೋಯಿತು.

ಈ ಪಟ್ಟಿಯನ್ನೇ ಈಗ ಯಾರೂ ನಕಲು ಮಾಡಿಕೊಳ್ಳಬಾರದು. 2025ರ ಕೊನೆಯಿಂದ ಮೆಮರಿಯ ಬೆಲೆ ವಿಪರೀತ ಏರಿತು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಡೇಟಾ ಕೇಂದ್ರಗಳಿಗೇ ತಯಾರಕರ ಮಾಲು ಹರಿದುಹೋಗಿ, ನಮ್ಮಂಥ ಬಿಡಿ ಗಿರಾಕಿಗಳಿಗೆ ಉಳಿದದ್ದು ಕಡಿಮೆ. ನಾನು ನಾಲ್ಕು ಸಾವಿರಕ್ಕೆ ತಂದ ಮೆಮರಿಯೇ ಇಡೀ ಲೆಕ್ಕವನ್ನು ತಲೆಕೆಳಗು ಮಾಡುವಷ್ಟಾಯಿತು. ಉದ್ದೇಶ, ಒಟ್ಟು ವೆಚ್ಚ, ಆಯುಷ್ಯ ಎಂಬ ಮೂರು ಪ್ರಶ್ನೆಗಳನ್ನು ಮಾತ್ರ ಯಾವ ವರ್ಷ ಬೇಕಾದರೂ ಕೇಳಿಕೊಳ್ಳಬಹುದು.

ಮೊನ್ನೆ ಎದುರು ಕಟ್ಟಡದ ಕುಂದಾಪುರದ ರಾಯರು, ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ತಮಗೂ ಒಂದು ಪ್ರೊಸೆಸರ್ ಆರಿಸಿಕೊಡಿ ಎಂದು ಬಂದರು. ಅವರ ಯಂತ್ರ ನೋಡಿದೆ. 2019ರದ್ದು, ಎಂಟನೇ ತಲೆಮಾರಿನ ಐ3-8100, ನಾಲ್ಕು ಕೋರು. ವಿಂಡೋಸ್ 11 ಆಗಲೇ ಕೂತಿದೆ. ಒಳಗೆ ಮಾತ್ರ ಹಳೆಯ ಹಾರ್ಡ್‌ಡಿಸ್ಕು ಗರಗರ ಎನ್ನುತ್ತಿದೆ. ಒಂದು ಎಸ್‌ಎಸ್‌ಡಿ ಹಾಕಿಸಿ, ಬೇರೇನೂ ಮುಟ್ಟಬೇಡಿ ಎಂದೆ.

“ಹಾಗಾದ್ರೆ ಪ್ರೊಸೆಸರ್ ತಕೊಳ್ಳುದೇ ಬೇಡ್ವಾ ಮಾರಾಯ್ರೇ?” ಎಂದು ರಾಯರು ಮುಖ ಸಣ್ಣದು ಮಾಡಿದರು. ನನಗೂ ಒಳಗೊಳಗೇ ತುಸು ನಿರಾಸೆಯೇ ಆಯಿತು. ಇನ್ನೊಮ್ಮೆ ಲ್ಯಾಮಿಂಗ್ಟನ್ ರೋಡಿಗೆ ಹೋಗಲು ನೆಪವೊಂದು ಸಿಕ್ಕಿತೆಂದುಕೊಂಡಿದ್ದೆ.