ಬನ್ನಿ ಮರಕ್ಕೆ ಕಟ್ಟುವ ಗಂಟು

ದಸರೆಯ ಹತ್ತನೇ ದಿನ ನಮ್ಮ ಕಡೆ ಬಡವರಿರುವುದಿಲ್ಲ. ಸಂಜೆ ಹಾವೇರಿ ಜಿಲ್ಲೆಯ ನಮ್ಮ ಚಿಕ್ಕೇರೂರಿನ ಓಣಿಯೊಳಗೆ ಕಾಲಿಟ್ಟರೆ ಎದುರಿಗೆ ಬಂದವರೆಲ್ಲ ಅಂಗಿಯ ಕಿಸೆಯಿಂದ ಬಂಗಾರ ತೆಗೆದು ಕೈಗೆ ಹಾಕುತ್ತಾರೆ. “ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ” ಎನ್ನುತ್ತಾರೆ. ಹಿರಿಯರಾದರೆ ಕಾಲು ಮುಟ್ಟಬೇಕು, ಓರಗೆಯವರಾದರೆ ಅಪ್ಪಿಕೊಳ್ಳಬೇಕು, ಕೈಗಡ ಕೊಟ್ಟವರಾದರೆ ಎರಡನ್ನೂ ಮಾಡಬೇಕು. ರಾತ್ರಿ ಮನೆಗೆ ಬಂದು ಕಿಸೆ ಝಾಡಿಸಿದರೆ ಕಸಬರಿಗೆ ಹುಡುಕುವಷ್ಟು ಬಂಗಾರ ಬೀಳುತ್ತದೆ.

2025ರಲ್ಲಿ ಈ ಹಬ್ಬ ಅಕ್ಟೋಬರ್ 2ಕ್ಕೇ ಬಂತು. ಮುಂಜಾನೆ ಗಾಂಧೀಜಿಯ ಫೋಟೋಕ್ಕೆ ಹಾರ, ಸಂಜೆ ಬನ್ನಿ. ಸೆರೆ ಅಂಗಡಿಗಳಿಗೆ ಸರಕಾರವೇ ಬೀಗ ಹಾಕಿಸಿದ್ದರಿಂದ ಅಪ್ಪಿಕೊಂಡವರು ತಾವಾಗಿಯೇ ಬಿಡಿಸಿಕೊಳ್ಳುವ ಸ್ಥಿತಿಯಲ್ಲಿದ್ದರು. ಹತ್ತು ಗ್ರಾಂ ಬಂಗಾರ ಆ ವರ್ಷ ಲಕ್ಷ ರೂಪಾಯಿ ದಾಟಿತ್ತು. ಓಣಿಯ ಅಜ್ಜಿಯೊಬ್ಬರು ನನ್ನ ಕೈಗೆ ಬನ್ನಿ ಎಲೆ ಹಾಕುತ್ತ, “ಬಂಗಾರ ಭಾಳ ತುಟ್ಟಿ ಆಗೇತಪಾ ತಮ್ಮಾ, ಈ ವರ್ಷ ಹಿತ್ತಾಳಿ ಹಂಗರ ಇರೋಣು” ಎಂದರು. ಸುತ್ತಲಿದ್ದವರು ನಕ್ಕರು. ನನಗೆ ಮಾತ್ರ ಅದು ಬಹಳ ಲೆಕ್ಕ ಹಾಕಿ ಆಡಿದ ಮಾತೆನಿಸಿತು. ಊರಿನಿಂದ, ತಾಲೂಕಿನಿಂದ, ರಾಜ್ಯದಿಂದ ನಾನು ಈಗ ಬಯಸುವುದು ಹಿತ್ತಾಳೆಯ ಮಟ್ಟದ ಒಳ್ಳೆಯತನವನ್ನೇ. ರಾಮರಾಜ್ಯ ಬೇಡ. ದಿನಾ ನಾಲ್ಕು ಸಲ ತಿಕ್ಕಿದರೆ ಒಂದಿಷ್ಟು ಹೊಳೆಯುವಂಥದು ಸಾಕು.

ಬನ್ನಿ ಮರದ ಕತೆ ಎಲ್ಲರಿಗೂ ಗೊತ್ತು. ಅಜ್ಞಾತವಾಸಕ್ಕೆ ಹೊರಟ ಪಾಂಡವರು ವಿರಾಟನ ಊರು ಸೇರುವ ಮೊದಲು ಆಯುಧಗಳನ್ನೆಲ್ಲ ಶಮೀವೃಕ್ಷದ ಮೇಲೆ ಬಚ್ಚಿಟ್ಟರು. ಆ ವಿರಾಟನ ಊರು ಯಾವುದು ಎಂದರೆ, ನಮ್ಮ ಪಕ್ಕದ ಹಾನಗಲ್ಲೇ! ಪಾನುಂಗಲ್ಲು ಎನ್ನುವ ಆ ಊರನ್ನು ಹಳೆಯ ಶಾಸನಗಳು ವಿರಾಟಕೋಟೆ ಎಂದೂ ಕರೆದಿವೆ. ರಾಜಸ್ಥಾನದ ಬೈರಾಟದವರು ವಿರಾಟ ತಮ್ಮವನೆನ್ನುತ್ತಾರೆ. ಹಬ್ಬದ ದಿನ ಅವರೊಂದಿಗೆ ಜಗಳ ಬೇಡ. ನಮ್ಮ ಪಾಲಿಗಂತೂ ಆ ಬನ್ನಿ ಗಿಡ ಇಲ್ಲೇ ಎಲ್ಲೋ ಹಾನಗಲ್ಲಿನ ಹೊಲದ ಬದುವಿನಲ್ಲಿ ಇತ್ತು.

ಮರ ಹತ್ತಿದವನು ನಕುಲ. ಬಿಲ್ಲು, ಬತ್ತಳಿಕೆ, ಕತ್ತಿಗಳನ್ನು ಬಿಗಿದು, ಜೊತೆಗೊಂದು ಹೆಣವನ್ನೂ ತೂಗುಹಾಕಿದ. ದಾರಿಯಲ್ಲಿ ಕೇಳಿದ ದನಗಾಹಿಗಳಿಗೆ, ಅದು ನೂರಾ ಎಂಬತ್ತು ವರ್ಷದ ತಮ್ಮ ತಾಯಿಯ ಹೆಣ, ಹೀಗೆ ಮರಕ್ಕೆ ಕಟ್ಟುವುದು ತಮ್ಮ ಕುಲದ ಪದ್ಧತಿ ಎಂದು ಹೇಳಿದರಂತೆ. ಧರ್ಮರಾಯ ಪಕ್ಕದಲ್ಲೇ ನಿಂತಿದ್ದ! ಸುಳ್ಳೋ ನಿಜವೋ, ಯುಕ್ತಿ ಫಲಿಸಿತು. ವರ್ಷವಿಡೀ ಗಾಂಡೀವ ಒಂದು ಗಿಡದ ಮೇಲಿತ್ತು, ಯಾರೂ ಒಯ್ಯಲಿಲ್ಲ. ಈಗ ಹೊಲದ ಬೋರಿನ ಕೇಬಲ್ಲನ್ನು ಒಂದು ರಾತ್ರಿ ಕಾಯದೆ ಬಿಟ್ಟು ನೋಡಿ. ನೂರಾ ಎಂಬತ್ತು ವರ್ಷದ ತಾಯಿಯನ್ನು ಪಕ್ಕದಲ್ಲಿ ಕೂಡಿಸಿದರೂ ಮುಂಜಾನೆಗೆ ಉಳಿಯುವುದು ತಾಯಿಯೊಬ್ಬಳೇ.

ನಮ್ಮ ಹಬ್ಬದಲ್ಲಿ ಮರದಿಂದ ಎಲೆ ಕಿತ್ತುಕೊಳ್ಳುವುದಷ್ಟೇ ಉಳಿದಿದೆ, ಮರಕ್ಕೆ ಏನನ್ನಾದರೂ ಕಟ್ಟಿ ಬರುವುದು ಬಿಟ್ಟುಹೋಗಿದೆ. ಕಿತ್ತುಕೊಳ್ಳುವುದೂ ಎಂಥದು! ಟೊಂಗೆ ಸಮೇತ ಮುರಿದು, ಮರುದಿನ ಗಿಡ ಬೋಳು. ನನ್ನ ಹಬ್ಬದ ಹಾರೈಕೆ ಇಷ್ಟೇ: ಊರವರೆಲ್ಲ ಕೂಡಿ ಒಂದು ದೊಡ್ಡ ಗಂಟು ಕಟ್ಟಬೇಕು, ನಮ್ಮ ನಮ್ಮ ಆಯುಧಗಳನ್ನು ಅದರೊಳಗೆ ಹಾಕಿ ಒಂದು ವರ್ಷದ ಮಟ್ಟಿಗಾದರೂ ಬನ್ನಿ ಮರಕ್ಕೆ ಏರಿಸಬೇಕು.

ಗಂಟಿಗೆ ಮೊದಲು ಹೋಗಬೇಕಾದದ್ದು ಶುಭ ಕೋರುವ ಫ್ಲೆಕ್ಸು. ಹಬ್ಬ ಇನ್ನೂ ನಾಲ್ಕು ದಿನ ಇರುವಾಗಲೇ ಕ್ರಾಸಿನಲ್ಲಿ ಎದ್ದು ನಿಲ್ಲುತ್ತದೆ. ಮೇಲೆ ದೇವಿ ಸಣ್ಣದಾಗಿ, ನಡುವೆ ನಾಯಕರು ದೊಡ್ಡದಾಗಿ, ಕೆಳಗೆ ಕನ್ನಡಕ ಹಾಕಿ ಫೋನಿನಲ್ಲಿ ಮಾತಾಡುತ್ತಿರುವ ತರುಣರು ಸಾಲಾಗಿ. ಅವರು ಅಷ್ಟು ಗಂಭೀರವಾಗಿ ಯಾರೊಂದಿಗೆ ಮಾತಾಡುತ್ತಾರೋ! ನಾಡಿನ ಸಮಸ್ತ ಜನತೆ ಸುಖವಾಗಿ ಬಾಳಲಿ ಎಂದು ಹಾರೈಸುವ ಆ ಫ್ಲೆಕ್ಸು, ತಿರುವಿನ ಆಚೆಯಿಂದ ಬರುವ ಟ್ರ್ಯಾಕ್ಟರ್ ಕಾಣದಂತೆ ಅಡ್ಡ ನಿಂತಿರುತ್ತದೆ. ಬನ್ನಿಯಲ್ಲಾದರೆ ಹೀಗಿಲ್ಲ. ಹಾರೈಸುವವನು ಖುದ್ದು ನಡೆದು ಬರಬೇಕು, ಮುಖ ತೋರಿಸಬೇಕು, ನನ್ನ ಮುಖ ನೋಡಬೇಕು. ಹೋದ ವರ್ಷ ಮಾಡಿಸಿಕೊಡುತ್ತೇನೆಂದ ಗಟಾರದ ನೆನಪು ಇಬ್ಬರಿಗೂ ಆ ಗಳಿಗೆಯಲ್ಲೇ ಆಗುತ್ತದೆ.

ಟ್ರ್ಯಾಕ್ಟರ್ ಅಂದಾಗ ನೆನಪಾಯಿತು. ಗೋವಿನಜೋಳದ ಸುಗ್ಗಿಯಲ್ಲಿ ನಮ್ಮ ರಸ್ತೆಗಳ ಅರ್ಧ ಭಾಗ ಕಣವಾಗುತ್ತದೆ, ಉಳಿದರ್ಧದಲ್ಲಿ ಹಿಂದಿನ ದೀಪವಿಲ್ಲದ ಟ್ರೇಲರ್‌ಗಳು ಓಡಾಡುತ್ತವೆ. ಟ್ರೇಲರಿನ ಹಿಂದೆ ‘ತಾಯಿಯ ಆಶೀರ್ವಾದ’ ಎಂದು ಬರೆಸಲು ಪೇಂಟರ್ ಸಿಗುತ್ತಾನೆ, ಕೆಂಪು ರಿಫ್ಲೆಕ್ಟರ್ ಅಂಟಿಸಲು ಪುರುಸೊತ್ತು ಸಿಗುವುದಿಲ್ಲ. ಇದನ್ನು ನಗುತ್ತ ಹೇಳುವುದೂ ಕಷ್ಟ. 2024ರ ಜೂನ್ 28ರ ನಸುಕಿನಲ್ಲಿ ನಮ್ಮದೇ ಜಿಲ್ಲೆಯ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ, ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಹಿಂದಿನಿಂದ ಒಂದು ಟೆಂಪೋ ಟ್ರಾವೆಲರ್ ಗುದ್ದಿತು. ದೇವರ ದರ್ಶನ ಮುಗಿಸಿ ಭದ್ರಾವತಿ ಕಡೆಯ ತಮ್ಮ ಊರಿಗೆ ಮರಳುತ್ತಿದ್ದ 13 ಜನ ತೀರಿಕೊಂಡರು. ಅಂದಿನಿಂದ ರಾತ್ರಿ ಪ್ರಯಾಣಕ್ಕೆ ಹೊರಟವರಿಗೆ ನಾನು ಯಾವ ದೇವರ ಹೆಸರನ್ನೂ ಹೇಳುವುದಿಲ್ಲ. “ನಿಂತ ಗಾಡಿ ನೋಡಿ ಹೋಗಪಾ” ಎನ್ನುತ್ತೇನೆ. ಹೊರಟವನಿಗೆ ಅಪಶಕುನದಂತೆ ಕೇಳಿಸುತ್ತದೆ. ಕೇಳಿಸಲಿ.

ಗಂಟಿಗೆ ಇನ್ನೊಂದು ಸಾಮಾನು, ಟವೆಲ್ಲು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಒಳಗೆ ಹಾರುವ ಟವೆಲ್ಲು. ಎಂಬತ್ತರ ಮುದುಕ ಕಂಬಿ ಹಿಡಿದು ನಿಂತಿರುತ್ತಾನೆ, ಟವೆಲ್ಲು ಕಾಲು ಚಾಚಿ ಕುಳಿತಿರುತ್ತದೆ. ಅದನ್ನು ಸರಿಸುವ ಧೈರ್ಯ ಕಂಡಕ್ಟರನಿಗೂ ಇಲ್ಲ. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ ಆದಮೇಲೆ ಹಬ್ಬದ ದಿನಗಳಲ್ಲಿ ಕಿಟಕಿಯಿಂದ ಬ್ಯಾಗು, ಕೊಡೆ, ಒಮ್ಮೊಮ್ಮೆ ಕೂಸೂ ಒಳಗೆ ಬರುತ್ತವೆ. ತವರಿಗೆ ಹೊರಟ ಹೆಣ್ಣುಮಕ್ಕಳ ಮುಖದ ಕಳೆ ನೋಡಿದರೆ ಆ ಯೋಜನೆಯ ಮೇಲೆ ಸಿಟ್ಟು ಬರುವುದಿಲ್ಲ. ಬಸ್ಸು ಇನ್ನೆರಡು ಬಿಟ್ಟಿದ್ದರೆ ಟವೆಲ್ಲಿನ ಮೇಲೂ ಬರುತ್ತಿರಲಿಲ್ಲ.

ಇನ್ನು “ನಾಳೆ ಬಾ”. ಒಂದು ಕಾಲಕ್ಕೆ ಕರ್ನಾಟಕದ ಊರೂರಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವ ಓಡಿಸುತ್ತಿದ್ದರು. ದೆವ್ವ ಪ್ರಾಮಾಣಿಕವಾದದ್ದು, ಓದಿ, ಮರಳಿ ಹೋಗಿ, ಮರುದಿನ ಮತ್ತೆ ಬಂದು ಓದುತ್ತಿತ್ತು. ಅದೇ ವಿದ್ಯೆ ಈಗ ಕಚೇರಿಗಳಲ್ಲಿ ಉಳಿದುಕೊಂಡಿದೆ, ದೆವ್ವದ ಪಾತ್ರ ನಮಗೆ ಬಂದಿದೆ. ಇಷ್ಟು ದಿನದೊಳಗೆ ಕೆಲಸ ಆಗಲೇಬೇಕೆಂದು 2012ರಲ್ಲಿ ‘ಸಕಾಲ’ ಯೋಜನೆ ಬಂದಾಗ ನಾವು ಬಹಳ ಹಿಗ್ಗಿದ್ದೆವು. ಒಳ್ಳೆಯದೂ ಆಯಿತು, ಇಲ್ಲವೆನ್ನಬಾರದು. ಉತಾರವಂತೂ ಅದಕ್ಕೂ ಮೊದಲಿನಿಂದಲೇ ಕಂಪ್ಯೂಟರಿನಿಂದ ಬರುತ್ತದೆ, ತಲಾಠಿಯ ಮನೆ ಬಾಗಿಲು ಕಾಯಬೇಕಿಲ್ಲ. ಆದರೆ ‘ನಾಳೆ ಬಾ’ ಎಂಬುದು ವೇಷ ಬದಲಿಸಿ “ಸರ್ವರ್ ಇಲ್ರಿ” ಆಯಿತು. ಮನುಷ್ಯ ಇಲ್ಲ ಎಂದರೆ ಜಗಳ ಮಾಡಬಹುದಿತ್ತು. ಸರ್ವರ್ ಇಲ್ಲ ಎಂದರೆ ಯಾರ ಕೊರಳಪಟ್ಟಿ ಹಿಡಿಯುವುದು? ಕಚೇರಿಯೊಂದರಲ್ಲಿ ನನ್ನ ಹಿಂದೆ ನಿಂತಿದ್ದ ರೈತರೊಬ್ಬರು, “ಸರ್ವರ್ ಸಾಹೇಬ್ರು ಯಾವಾಗ ಬರ್ತಾರ್ರಿ?” ಎಂದು ಬಹಳ ವಿನಯದಿಂದ ಕೇಳಿದರು.

ಈ ವಿನಯ ನನ್ನನ್ನು ಕಾಡುತ್ತದೆ. 2008ರ ಜೂನ್ 10ರಂದು ಹಾವೇರಿಯಲ್ಲಿ ರಸಗೊಬ್ಬರ ಕೊಡಿ ಎಂದು ಬೀದಿಗಿಳಿದವರೂ ಇಂಥವರೇ. ಪೊಲೀಸರ ಗುಂಡಿಗೆ ಇಬ್ಬರು ರೈತರು ಬಲಿಯಾದರು. ಮುಂಗಾರು ಬಂದಾಗ ರೈತನಿಗೆ ಗೊಬ್ಬರ ಬೇಕಾಗುತ್ತದೆ ಎನ್ನುವುದು ಗುಟ್ಟಿನ ಸುದ್ದಿಯೇನಲ್ಲ, ಪಂಚಾಂಗದಲ್ಲೇ ಇರುತ್ತದೆ. ಒಳ್ಳೆಯ ಆಡಳಿತ ಎಂದರೆ ಜೂನ್ ತಿಂಗಳು ಮೇ ಆದಮೇಲೆ ಬರುತ್ತದೆ ಎಂದು ಮೊದಲೇ ತಿಳಿದುಕೊಂಡಿರುವುದು, ಅಷ್ಟೇ. ಅದಕ್ಕೂ ಹೆಚ್ಚಿನದನ್ನು ನಾನು ಕೇಳಿಲ್ಲ.

ಮಾತಾಡುವ ರೀತಿಯ ಬಗ್ಗೆಯೂ ಒಂದು ಆಸೆಯಿದೆ. ನಮ್ಮ ಗ್ರಾಮಸಭೆಗಳಲ್ಲಿ ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ, ಆದ್ದರಿಂದ ಯಾರೂ ಏನೂ ಹೇಳಿದಂತಾಗುವುದಿಲ್ಲ. ಅದೇ ಜನ ಮಹಾನವಮಿಯ ದಿನ ರಾಣೇಬೆನ್ನೂರು ತಾಲೂಕಿನ ದೇವರಗುಡ್ಡಕ್ಕೆ ಹೋಗುತ್ತಾರೆ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ “ಸದ್ದಲೇ” ಎಂದು ಕೂಗುತ್ತಾನೆ. ಅಷ್ಟು ದೊಡ್ಡ ಜಾತ್ರೆ ಒಮ್ಮೆಗೇ ಗಪ್ಪಾಗುತ್ತದೆ. ಅಲ್ಲಿನ ದೇವರು ಮಾಲತೇಶನ ಕಾರ್ಣಿಕ, ಅಂದರೆ ಭವಿಷ್ಯದ ನುಡಿ, ಒಂದೇ ಸಾಲು. ಅದರಲ್ಲೇ ಮಳೆ, ಬೆಳೆ, ಸರಕಾರ ಎಲ್ಲ. ನುಡಿದವನು ಮೇಲಿನಿಂದ ಕೆಳಗೆ ಬೀಳುತ್ತಾನೆ, ಭಕ್ತರು ಹಿಡಿದುಕೊಳ್ಳುತ್ತಾರೆ. ಗ್ರಾಮಸಭೆಗೂ ಒಬ್ಬ ಗೊರವಯ್ಯ ಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಭಾಷಣ ಮಾಡುವವರೂ ಬಿಲ್ಲು ಹತ್ತಿಯೇ ಮಾಡಬೇಕು, ಒಂದೇ ಸಾಲು ಹೇಳಬೇಕು ಎಂದಾದರೆ ಇನ್ನೂ ಒಳ್ಳೆಯದು. ಕೆಳಗೆ ಹಿಡಿದುಕೊಳ್ಳಲು ಎಷ್ಟು ಜನ ನಿಲ್ಲುತ್ತಾರೆಂದು ನೋಡಿದರೆ ಮುಂದಿನ ಚುನಾವಣೆಯ ಕಾರ್ಣಿಕವೂ ತಿಳಿದೀತು.

ರಾಜ್ಯ ರಾಜ್ಯಗಳೂ ಬನ್ನಿ ಕೊಟ್ಟುಕೊಂಡದ್ದುಂಟು, ಅದರಲ್ಲಿ ನಮ್ಮ ತಾಲೂಕಿನ ಪಾಲೂ ಇದೆ. ಬೆಂಗಳೂರಿನ ಹಲಸೂರು ಕೆರೆಯ ಹತ್ತಿರ ತಮಿಳು ಕವಿ ತಿರುವಳ್ಳುವರ್ ಮೂರ್ತಿ 18 ವರ್ಷ ಮುಸುಕು ಹಾಕಿಕೊಂಡೇ ನಿಂತಿತ್ತು. 2009ರ ಆಗಸ್ಟಿನಲ್ಲಿ ಅದರ ಮುಸುಕು ತೆಗೆದರು, ಅದೇ ವಾರ ಚೆನ್ನೈಯಲ್ಲಿ ನಮ್ಮ ಸರ್ವಜ್ಞನ ಮೂರ್ತಿ ಅನಾವರಣವಾಯಿತು. ಹಿರೇಕೆರೂರು ತಾಲೂಕಿನ ಅಬಲೂರಿನವನೆಂದು ನಾವು ಹೇಳುವ ಸರ್ವಜ್ಞ. ಮಾಸೂರಿನವರೂ ಪಾಲು ಕೇಳುತ್ತಾರೆ, ಕೇಳಲಿ. ಊರೂರು ಅಲೆದು ಎಲ್ಲರಿಗೂ ಬುದ್ಧಿ ಹೇಳಿದವನು ಈಗ ಚೆನ್ನೈಯ ಉದ್ಯಾನವೊಂದರಲ್ಲಿ ನಿಂತಿದ್ದಾನೆ. ಕಾವೇರಿಯ ಜಗಳ ಅದರಿಂದ ತೀರಲಿಲ್ಲ ನಿಜ. ಆದರೆ ಇಬ್ಬರು ಕವಿಗಳಿಗೂ ಗಾಳಿ ಬೆಳಕು ಸಿಕ್ಕಿತು.

ಜಗಳ ಇಟ್ಟುಕೊಂಡೇ ಬನ್ನಿ ಕೊಡುವ ಈ ಕಲೆ ನಮ್ಮಲ್ಲಿ ಚೆನ್ನಾಗಿದೆ. ನನಗೆ ಗೊತ್ತಿರುವ ಅಣ್ಣತಮ್ಮಂದಿರಿಬ್ಬರು ಒಂದು ಬದುವಿನ ಸಲುವಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತಿದ್ದಾರೆ. ಬದುವಿನ ಅಗಲ ನನ್ನ ಎರಡು ಮೊಳ. ಕೇಸಿನ ಕಾಗದ ಹಾಸಿದರೆ ಅದಕ್ಕಿಂತ ಅಗಲ. ಬನ್ನಿಯ ಸಂಜೆ ತಮ್ಮನು ಅಣ್ಣನ ಕಟ್ಟೆಯೇರಿ ಬಂದು ಕಾಲು ಮುಟ್ಟಿ ಎಲೆ ಕೊಟ್ಟ.

“ಬನ್ನಿ ತಗೊಂಡು ಬಂಗಾರದಂಗ ಇರೋಣು ಅಣ್ಣಾ.”

“ಇರೋಣಪಾ. ಚಾ ಕುಡದು ಹೋಗು. ಮುಂದಿನ ವಾರ ತಾರೀಖು ಐತಲ್ಲ, ಹಿರೇಕೆರೂರಿಗೆ ಹೆಂಗ ಹೊಂಟಿ?”

“ಬಸ್ಸಿಗೆ. ಟವೆಲ್ ಒಗದ್ರ ಸೀಟ್ ಸಿಗತೈತಿ.”

“ಬಸ್ಸ್ಯಾಕ? ನನ್ನ ಗಾಡಿ ಮ್ಯಾಲ ಬಾ. ಹೆಲ್ಮೆಟ್ ಒಂದ ಐತಿ ನನ್ನ ಹತ್ರ, ನಿಂದು ನೀ ತಾ. ನಿನ್ನ ವಕೀಲರ ಫೈಲೂ ತಾ, ಎರಡೂ ಕೂಡೇ ಡಿಕ್ಕಿಯೊಳಗ ಇಡೋಣು. ಇಲ್ಲಂದ್ರ ಮಳಿ ಬಂದ್ರ ತೊಯ್ದಾವು.”