ತಿದ್ದುವ ಕೈ

ಕನ್ನಡದಲ್ಲಿ 'ತಿದ್ದು' ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಮೊದಲೇ ಬರೆದಿಟ್ಟ ಅಕ್ಷರದ ಮೇಲೆ ಬೆರಳನ್ನೋ ಬಳಪವನ್ನೋ ಆಡಿಸಿ ಕಲಿಯುವುದು ಒಂದು; ತಪ್ಪನ್ನು ಸರಿಪಡಿಸುವುದು ಇನ್ನೊಂದು. ಕೂಲಿಮಠದ ಮರಳಿನಲ್ಲಿ ಅಕ್ಷರ ತಿದ್ದಿದ ಬಾಲಕನಿಗೂ ಓಲೆಗರಿಗಳ ಅಪಪಾಠವನ್ನು ತಿದ್ದುವ ಸಂಪಾದಕನಿಗೂ ಭಾಷೆ ಒಂದೇ ಪದವನ್ನು ಕೊಟ್ಟಿದೆ. ಇದು ಆಕಸ್ಮಿಕವೆಂದು ತೋರುವುದಿಲ್ಲ.

ಕಾರ್ಕಳದ ಕಡೆಯ ವಿದ್ಯಾರ್ಥಿನಿಯೊಬ್ಬಳು ಕನ್ನಡ ಎಂ.ಎ.ಯಲ್ಲಿ ಶಾಸನ ಮತ್ತು ಗ್ರಂಥಸಂಪಾದನೆಯ ಪತ್ರಿಕೆಯೊಂದರಲ್ಲಿ ಮಾತ್ರ ಅನುತ್ತೀರ್ಣಳಾದಳು. ಆಕೆ ಸೋಮಾರಿಯಾಗಿರಲಿಲ್ಲ. ತಾಯಿಯ ಜೊತೆ ಕುಳಿತು ಬೀಡಿ ಕಟ್ಟುತ್ತಲೇ ಪಂಪನ ಪದ್ಯಗಳನ್ನು ಬಾಯಿಪಾಠ ಮಾಡಿದವಳು. ಬೆರಳು ಆಡುತ್ತಿದ್ದರೆ ಪದ್ಯ ತಾನಾಗಿ ನಿಲ್ಲುತ್ತಿತ್ತು. ಲಿಪಿವಿಕಾಸದ ಪಟವನ್ನು ಮುಂದಿಟ್ಟುಕೊಂಡು ಸುಮ್ಮನೆ ಕುಳಿತರೆ ಮಾತ್ರ ಶತಮಾನಗಳೆಲ್ಲ ಕಲಸಿಹೋಗುತ್ತಿದ್ದವು. ಮರುಪರೀಕ್ಷೆಯಲ್ಲಿಯೂ ಹೀಗೆಯೇ ಆದರೆ ಓದು ಸಾಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಇಂಥವರನ್ನು ಪ್ರತ್ಯೇಕ ವರ್ಗವಾಗಿ ಗುರುತಿಸುವುದು ಈಚಿನ ಶಿಕ್ಷಣಶಾಸ್ತ್ರದ ರೂಢಿ. ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ 1990ರ ದಶಕದಲ್ಲಿ, ನೋಡಿ ಕಲಿಯುವವರು, ಕೇಳಿ ಕಲಿಯುವವರು, ಓದಿ ಬರೆದು ಕಲಿಯುವವರು, ಮಾಡಿ ಕಲಿಯುವವರು ಎಂದು ನಾಲ್ಕು ಬಗೆ ಮಾಡಿದ ಮೇಲೆ ಈ ವಿಂಗಡಣೆ ಎಲ್ಲೆಡೆ ಹರಡಿತು. ಆದರೆ ಕಲಿಯುವವರ ಬಗೆಗೆ ತಕ್ಕಂತೆ ಬೋಧಿಸಿದರೆ ಫಲ ಹೆಚ್ಚುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲವೆಂದು ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರ ಸಮೀಕ್ಷೆಯಲ್ಲಿ ತೋರಿಸಿದರು. ಹಾಗಿದ್ದರೆ ಈ ವಿದ್ಯಾರ್ಥಿನಿಯ ಅನುಭವ ಹುಸಿಯೇ? ಪ್ರಶ್ನೆಯನ್ನು ತಿರುಗಿಸಿ ಕೇಳುವುದು ಒಳಿತು. ಕಲಿಯುವವಳ ಸ್ವಭಾವವನ್ನು ವಿಚಾರಿಸುವ ಮೊದಲು ಕಲಿಯಬೇಕಾದ ವಸ್ತುವಿನ ಸ್ವಭಾವವನ್ನು ವಿಚಾರಿಸಬೇಕು. ಲಿಪಿ ಹುಟ್ಟಿದ್ದೇ ಕೈಯ ಚಲನೆಯಿಂದ. ಅದನ್ನು ಕಣ್ಣೊಂದರಿಂದಲೇ ಕಲಿಸಹೊರಟದ್ದು ನಮ್ಮ ತರಗತಿಗಳ ಅನುಕೂಲವೇ ಹೊರತು ಲಿಪಿಯ ಧರ್ಮವಲ್ಲ.

ವಿಭಾಗದ ಕ್ಷೇತ್ರಕಾರ್ಯದಲ್ಲಿ ಆಕೆಗೆ ಶಾಸನದ ಪಡಿಯಚ್ಚು ತೆಗೆಯುವ ಅವಕಾಶ ಸಿಕ್ಕಿತು. ಕಲ್ಲನ್ನು ನೀರು ಹಾಕಿ ಉಜ್ಜಿ ತೊಳೆಯಬೇಕು. ಒದ್ದೆ ಕಾಗದವನ್ನು ಹೊದಿಸಿ, ಅದು ಅಕ್ಷರದ ಗುಳಿಗಳಿಗೆ ಇಳಿಯುವಂತೆ ಕುಂಚದಿಂದ ಬಡಿಯಬೇಕು. ತೇವ ಆರುತ್ತ ಬಂದಾಗ ಮೇಲೆ ಮಸಿ ತಟ್ಟಬೇಕು. ಉಬ್ಬಿದ ಭಾಗ ಕಪ್ಪಾಗುತ್ತದೆ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಮೊದಲ ಹಾಳೆ ನಡುವೆಯೇ ಹರಿಯಿತು. ಎರಡನೆಯದನ್ನು ಬಡಿಯುವಾಗ, ಮಸಿ ಬೀಳುವ ಮುನ್ನವೇ, ರೂವಾರಿಯ ಉಳಿ ಎಲ್ಲಿ ಆಳಕ್ಕೆ ಹೋಗಿದೆ, ಎಲ್ಲಿ ಗೀರಿ ತೇಲಿದೆ ಎಂಬುದು ಕೈಗೆ ತಿಳಿಯತೊಡಗಿತು. ಕಲ್ಲಿನ ಬಿರುಕು ಯಾವುದು, ಅಕ್ಷರದ ರೇಖೆ ಯಾವುದು ಎಂಬ ವಿವೇಕ ಪಟದಿಂದ ಬರುವಂಥದಲ್ಲ. ಶ್ರವಣಬೆಳಗೊಳದ ಶಾಸನಗಳು ರೈಸ್ ಅವರ 1889ರ ಸಂಪುಟದಲ್ಲಿ 144 ಇದ್ದವು, ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ 500 ಆದವು, 1973ರಲ್ಲಿ 573ಕ್ಕೆ ಏರಿದವು. ಅಚ್ಚಾದ ಆ ಪುಟಗಳ ಹಿಂದೆ ಬಿಸಿಲಿನಲ್ಲಿ ಬಂಡೆಯ ಮೇಲೆ ಬಾಗಿದ ಎಷ್ಟೋ ಬೆನ್ನುಗಳಿವೆ.

ಹಿಂದಿರುಗಿದ ಮೇಲೆ ಆಕೆ ಚಂಪುಕಾವ್ಯವೊಂದರ ಓಲೆಯ ಛಾಯಾಪ್ರತಿಯನ್ನು ಪಡೆದು, ದಿನಕ್ಕೊಂದು ಗರಿಯಂತೆ ಅಕ್ಷರದ ರೂಪವನ್ನು ಕೆಡಿಸದೆ ಪ್ರತಿ ಮಾಡಲು ತೊಡಗಿದಳು. ದಕಾರ ಧಕಾರಗಳು, ಪಕಾರ ಫಕಾರಗಳು ಏಕೆ ಬೆರೆತುಹೋಗುತ್ತವೆ ಎಂಬುದು ಮೂರನೆಯ ದಿನ ತಾನಾಗಿ ಅರ್ಥವಾಯಿತು: ಅವಸರದ ಕೈ ಅಡಿಯ ಸೀಳನ್ನು ಬಿಡುತ್ತದೆ. ಹಳೆಯ ಬರವಣಿಗೆಯಲ್ಲಿ ಎಕಾರ ಒಕಾರಗಳ ಹ್ರಸ್ವ ದೀರ್ಘಗಳಿಗೆ ಬೇರೆ ಬೇರೆ ಗುರುತು ಸಾಮಾನ್ಯವಾಗಿ ಇರುವುದಿಲ್ಲ. ಕಂದಪದ್ಯ ಬಂದಾಗ ಆಕೆ ನಾಲ್ಕು ನಾಲ್ಕು ಮಾತ್ರೆಗೆ ಮೇಜಿನ ಮೇಲೆ ತಟ್ಟುತ್ತಿದ್ದಳು. ಮೊದಲ ಸಾಲಿಗೆ 12, ಎರಡನೆಯದಕ್ಕೆ 20. ಎಲ್ಲಿ ಪೆಟ್ಟು ಒಂದು ಮಾತ್ರೆ ಮುಂಚೆಯೇ ಬಿತ್ತೋ ಅಲ್ಲಿನ ಎಕಾರ ದೀರ್ಘವಾಗಿರಬೇಕು. ವಿಷಮಸ್ಥಾನದಲ್ಲಿ ಜಗಣ ಬರಬಾರದೆಂಬ ನಿಯಮವನ್ನು ಆಕೆ ಮೂರು ವರ್ಷ ಪರೀಕ್ಷೆಗಾಗಿ ಬರೆದಿದ್ದಳು. ಅದು ಬಂದರೆ ನಡಿಗೆ ಹೇಗೆ ಎಡವುತ್ತದೆಂಬುದನ್ನು ಅಂಗೈ ಮೊದಲ ಬಾರಿಗೆ ಹೇಳಿತು. (ಛಂದಸ್ಸನ್ನು ಕಪ್ಪುಹಲಗೆಯ ಗೀಟುಗಳಲ್ಲಿಯೇ ಮುಗಿಸಿಬಿಡುವ ಅಧ್ಯಾಪಕರು ಇಂದಿಗೂ ಹೆಚ್ಚು.)

ಹನ್ನೊಂದನೆಯ ಗರಿಯ ಗದ್ಯಭಾಗವನ್ನು ಅಚ್ಚಾದ ಆವೃತ್ತಿಯೊಡನೆ ಹೋಲಿಸುವಾಗ ತನ್ನ ಪ್ರತಿಯಲ್ಲಿ ಐದಾರು ಪದಗಳು ಬಿಟ್ಟುಹೋಗಿದ್ದನ್ನು ಕಂಡಳು. ಒಂದೇ ಪದ ಎರಡು ಸಾಲುಗಳಲ್ಲಿ ಬಂದಿತ್ತು. ಕಣ್ಣು ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ನೆಗೆದಿತ್ತು. ನಾಚಿಕೆಯಿಂದ ಅಡಿಟಿಪ್ಪಣಿಯನ್ನು ನೋಡಿದರೆ, ಸಂಪಾದಕರು ಬಳಸಿದ ಬೇರೊಂದು ಓಲೆಪ್ರತಿಯಲ್ಲಿಯೂ ಅದೇ ಜಾಗದಲ್ಲಿ ಅದೇ ಪದಗಳು ಇರಲಿಲ್ಲ. ಆಕೆ ಬಹಳ ಹೊತ್ತು ಆ ಪುಟದ ಮುಂದೆ ಕುಳಿತಿದ್ದಳು. ಪಠ್ಯಪುಸ್ತಕದಲ್ಲಿ 'ಲಿಪಿಕಾರದೋಷ' ಎಂಬ ತಲೆಬರಹದ ಕೆಳಗಿದ್ದ ಹೆಸರಿಲ್ಲದ ವ್ಯಕ್ತಿಗೆ ಈಗ ಎಡಗೈಯಲ್ಲಿ ಗರಿ ಹಿಡಿದ, ಕುತ್ತಿಗೆ ನೋಯುತ್ತಿದ್ದ, ಸಂಜೆಯ ಬೆಳಕಿಗೆ ಅವಸರಪಟ್ಟ ದೇಹವೊಂದು ಬಂದಿತ್ತು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿದಳೆಂದು ಎಲ್ಲರೂ ಬರೆಯುತ್ತಾರೆ. ಆ ಸಾವಿರವನ್ನು ಬರೆದ ಕೈಗಳನ್ನು ಎಣಿಸಿದವರಿಲ್ಲ.

ಮರುಪರೀಕ್ಷೆಯಲ್ಲಿ ಆಕೆ ತೇರ್ಗಡೆಯಾದಳು, ಅಂಕಗಳು ಸಾಧಾರಣವೇ. ಹನ್ನೊಂದನೆಯ ಗರಿಯ ಪ್ರತಿಯನ್ನು ಮಾತ್ರ ಹೊಸದಾಗಿ ಬರೆಯಲಿಲ್ಲ. ಪದಗಳು ಜಾರಿಹೋದ ಜಾಗದಲ್ಲಿ ಹಳೆಯ ಲಿಪಿಕಾರರಂತೆ ಹಂಸಪಾದವೊಂದನ್ನು ಹಾಕಿ, ಅವುಗಳನ್ನು ಅಂಚಿನಲ್ಲಿ ಚಿಕ್ಕದಾಗಿ ತುಂಬಿಸಿದಳು.